ಮನೆ ಕಂಪ್ಯೂಟರ್ ಆನ್ ಮಾಡಿದಾಗ ಪಾಸ್‌ವರ್ಡ್ ಕೇಳದ ಹಾಗೆ ಮಾಡುವುದು ಹೇಗೆ?

ಈ ಪ್ರಶ್ನೆ ಬಾರದ ವಾರವೇ ಇಲ್ಲ. ತುಮಕೂರಿನ ಶಿರಾ ಗೇಟ್ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು, ಕ್ಯಾತ್ಸಂದ್ರದ ಒಂದು ಮನೆಯಲ್ಲಿ ಅಜ್ಜಿ ಕೇಳಿದರು, ತಿಪಟೂರಿನಿಂದ ಕೊಬ್ಬರಿ ವ್ಯಾಪಾರದವರೊಬ್ಬರು ಫೋನ್ ಮಾಡಿಯೇ ಕೇಳಿದರು. "ಮನೇಲಿ ಇರೋದು ನಾವಿಬ್ಬರೇ. ಆನ್ ಮಾಡಿದಾಗಲೆಲ್ಲ ಪಾಸ್‌ವರ್ಡ್ ಯಾಕೆ ಕೇಳ್ಬೇಕು? ಸುಮ್ನೆ ಒಳಗೆ ಬಿಡೋಕಾಗಲ್ವಾ?"

ಆಗುತ್ತದೆ. ಎಲ್ಲ ಸರಿಯಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ, ಏಕೆಂದರೆ ಜನ ಎಡವುವುದೇ ಇಲ್ಲಿ. ಪಾಸ್‌ವರ್ಡ್ ತೆಗೆದುಹಾಕುವುದು ಬೇರೆ, ಪಾಸ್‌ವರ್ಡ್ ಕೇಳದ ಹಾಗೆ ಮಾಡುವುದು ಬೇರೆ. ಮೊದಲನೆಯದು ಬಾಗಿಲ ಬೀಗವನ್ನೇ ಕಿತ್ತು ಬಿಸಾಡಿದ ಹಾಗೆ. ಎರಡನೆಯದು ಬೀಗದ ಕೈಯನ್ನು ಮನೆಯಾಳಿಗೆ ಕೊಟ್ಟು "ಬೆಳಿಗ್ಗೆ ನೀನೇ ತೆಗಿಯಪ್ಪ" ಅಂದ ಹಾಗೆ. ಬೀಗ ಇದ್ದಲ್ಲೇ ಇರುತ್ತದೆ, ಬೇಕಾದಾಗ ಹಾಕಿಕೊಳ್ಳಬಹುದು. ಮನೆಗೆ ಬೇಕಾಗಿರುವುದು ಎರಡನೆಯದು. ಈ ಲೇಖನ ಮುಖ್ಯವಾಗಿ ಅದರ ಬಗ್ಗೆಯೇ.

ಇಲ್ಲಿ ಹೇಳುವುದು ವಿಂಡೋಸ್ 11 ಮತ್ತು ವಿಂಡೋಸ್ 10ಕ್ಕೆ. ವಿಂಡೋಸ್ 10ರ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ, ಆದರೆ ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇನ್ನೂ ಅದೇ ಓಡುತ್ತಿದೆ. ಹಂತಗಳು ಹೆಚ್ಚುಕಡಿಮೆ ಒಂದೇ. ಮೆನುಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ತೆರೆಯ ಮೇಲೆ ಅವು ಇಂಗ್ಲಿಷಿನಲ್ಲಿ ಇರುತ್ತವೆ, ಓದಿ ಹೊಂದಿಸಿಕೊಳ್ಳಿ.

ಮೊದಲು, ಇದು ನಿಮಗೆ ಬೇಕಾ?

ಡೆಸ್ಕ್‌ಟಾಪ್ ಆಗಿದ್ದು, ಮನೆಯ ಒಂದು ಮೂಲೆಯಲ್ಲಿ ಕೂತಿದ್ದು, ಮನೆಯವರು ಮಾತ್ರ ಬಳಸುವುದಾದರೆ ಸರಿ, ಧಾರಾಳವಾಗಿ ಮಾಡಿ.

ಲ್ಯಾಪ್‌ಟಾಪ್ ಆಗಿದ್ದು ಬ್ಯಾಗಿನಲ್ಲಿ ಹಾಕಿಕೊಂಡು ಓಡಾಡುವವರು ಮಾಡಬೇಡಿ. ದಿನಾ ಬೆಳಿಗ್ಗೆ ಬೆಂಗಳೂರಿನ ರೈಲು ಹಿಡಿಯುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನಿಮಗೇ ಗೊತ್ತು. ಆ ನೂಕುನುಗ್ಗಲಿನಲ್ಲಿ ಬ್ಯಾಗ್ ಒಂದು ಸಲ ಕೈತಪ್ಪಿದರೆ ಸಿಕ್ಕವನಿಗೆ ನಿಮ್ಮ ಮೇಲ್, ಫೋಟೋ, ಬ್ಯಾಂಕಿನ ಕಾಗದ ಎಲ್ಲ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಕೈಯೇ ಹಾಕಬೇಡಿ. ಅದರ ನಿಯಮ ಕಂಪನಿಯದು, ಬಹಳಷ್ಟು ಕಡೆ ಈ ಆಯ್ಕೆಯನ್ನೇ ಮುಚ್ಚಿಟ್ಟಿರುತ್ತಾರೆ.

ಅಂಗಡಿಯ ಕಂಪ್ಯೂಟರ್‌ಗೂ ಬೇಡ. ಟ್ಯಾಲಿಯಲ್ಲಿ ಲೆಕ್ಕ ಇಟ್ಟಿದ್ದೀರಿ, ಗಲ್ಲಾಪೆಟ್ಟಿಗೆ ಬಿಟ್ಟು ಊಟಕ್ಕೆ ಹೋಗುತ್ತೀರಿ, ಹುಡುಗರು ಬಂದು ಹೋಗುತ್ತಾರೆ. ತಿಪಟೂರಿನವರಿಗೂ ಇದನ್ನೇ ಹೇಳಿದೆ. ಅವರಿಗೆ ಸ್ವಲ್ಪ ಬೇಜಾರಾಯಿತು, ಇರಲಿ.

ಇನ್ನೊಂದು ಮಾತು. ಎಷ್ಟೋ ಸಲ ಜನರಿಗೆ ಬೇಸರ ತರಿಸುವುದು ಪಾಸ್‌ವರ್ಡ್ ಅಲ್ಲವೇ ಅಲ್ಲ, ಸರಿಯಾಗಿ ಹಾಕಿದರೂ "ತಪ್ಪು" ಎಂದು ಬರುವುದು. ಇದಕ್ಕೆ ಮೂರು ಕಾರಣ ಸಾಮಾನ್ಯ. ಒಂದು, ಕ್ಯಾಪ್ಸ್ ಲಾಕ್ ಆನ್ ಆಗಿರುವುದು. ಎರಡು, ನಮ್ ಲಾಕ್ ಆಫ್ ಆಗಿರುವುದು. ಬಲಗಡೆಯ ಅಂಕಿಗಳನ್ನು ಒತ್ತುತ್ತಲೇ ಇರುತ್ತೀರಿ, ಒಳಗೆ ಒಂದೂ ಬೀಳುತ್ತಿರುವುದಿಲ್ಲ. ಮೂರನೆಯದು ನಮ್ಮಂಥವರಿಗೇ ಬರುವ ತೊಂದರೆ: ವಿಂಡೋಸ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಂಡಿದ್ದರೆ ಪಾಸ್‌ವರ್ಡ್ ಹಾಕುವ ತೆರೆಯಲ್ಲೂ ಅದೇ ಬಂದು ಕೂತಿರಬಹುದು. ಪಾಸ್‌ವರ್ಡ್ ಚುಕ್ಕಿಗಳಾಗಿ ಕಾಣುವುದರಿಂದ ನೀವು ಕನ್ನಡ ಅಕ್ಷರ ಟೈಪ್ ಮಾಡುತ್ತಿದ್ದೀರಿ ಎಂದು ಗೊತ್ತೇ ಆಗುವುದಿಲ್ಲ. ತೆರೆಯ ಕೆಳಗೆ ಬಲಮೂಲೆಯಲ್ಲಿ ಭಾಷೆಯ ಗುರುತು ಇರುತ್ತದೆ, ಅದನ್ನು ಒತ್ತಿ ಇಂಗ್ಲಿಷಿಗೆ ಬದಲಿಸಿ. ಕ್ಯಾತ್ಸಂದ್ರದ ಅಜ್ಜಿಯ ಸಮಸ್ಯೆ ಇಷ್ಟೇ ಆಗಿತ್ತು. ಮೊಮ್ಮಗ ಕನ್ನಡ ಹಾಕಿಕೊಟ್ಟು ಹೋಗಿದ್ದ.

ಇಷ್ಟಾದರೂ ಟೈಪ್ ಮಾಡುವುದೇ ಕಷ್ಟ ಅನ್ನುವವರಿಗೆ ಪಿನ್ ಇದೆ. ಪಿನ್ ಎಂದರೆ ಕನಿಷ್ಠ ನಾಲ್ಕು ಅಂಕಿಯ ಗುಟ್ಟಿನ ಸಂಖ್ಯೆ. ಅದು ಆ ಒಂದು ಕಂಪ್ಯೂಟರ್‌ನಲ್ಲಿ ಮಾತ್ರ ನಡೆಯುತ್ತದೆ, ಬೇರೆಯವರಿಗೆ ಗೊತ್ತಾದರೂ ಅವರ ಮನೆಯಲ್ಲಿ ಕೂತು ನಿಮ್ಮ ಮೇಲ್ ತೆರೆಯಲು ಬರುವುದಿಲ್ಲ. ಕೊನೆಯ ಅಂಕಿ ಒತ್ತಿದ ಕೂಡಲೇ ತಾನೇ ಒಳಗೆ ಹೋಗುತ್ತದೆ, ಎಂಟರ್ ಕೂಡ ಬೇಡ. ಬೆರಳಚ್ಚು ಓದುವ ಸೌಲಭ್ಯ ಇದ್ದರೆ ಇನ್ನೂ ಸುಲಭ. ನನ್ನನ್ನು ಕೇಳಿದರೆ ಅರ್ಧ ಜನಕ್ಕೆ ಇಷ್ಟೇ ಸಾಕು. ಉಳಿದರ್ಧಕ್ಕೆ ಮುಂದಿನದು.

ಏನೇನು ಬೇಕು

ನಿಮ್ಮ ಪಾಸ್‌ವರ್ಡ್ ಬೇಕು. ಪಿನ್ ಅಲ್ಲ, ಪಾಸ್‌ವರ್ಡ್. ನಗಬೇಡಿ, ಇಲ್ಲೇ ಜನ ನಿಂತುಬಿಡುತ್ತಾರೆ. ಕಂಪ್ಯೂಟರ್ ತಂದ ದಿನ ಅಂಗಡಿಯವನೋ ಮಗನೋ ಏನೋ ಒಂದು ಪಾಸ್‌ವರ್ಡ್ ಹಾಕಿ, ಆಮೇಲೆ ಪಿನ್ ಮಾಡಿಕೊಟ್ಟಿರುತ್ತಾರೆ. ಮೂರು ವರ್ಷದಿಂದ ಪಿನ್ ಒತ್ತಿ ಒತ್ತಿ ಪಾಸ್‌ವರ್ಡ್ ಎಂಬುದೊಂದು ಇದೆ ಅನ್ನುವುದೇ ಮರೆತಿರುತ್ತದೆ.

ನಿಮ್ಮದು ಯಾವ ಬಗೆಯ ಅಕೌಂಟ್ ಎಂದೂ ಗೊತ್ತಿರಬೇಕು. ಸೆಟ್ಟಿಂಗ್ಸ್ ತೆಗೆದು ಅಕೌಂಟ್ಸ್ ಒತ್ತಿ, ಯುವರ್ ಇನ್ಫೋ ನೋಡಿ. ಅಲ್ಲಿ ನಿಮ್ಮ ಹೆಸರಿನ ಕೆಳಗೆ ಲೋಕಲ್ ಅಕೌಂಟ್ ಎಂದಿದ್ದರೆ ಆ ಖಾತೆ ನಿಮ್ಮ ಕಂಪ್ಯೂಟರ್‌ನೊಳಗೆ ಮಾತ್ರ ಇರುವಂಥದ್ದು. ಮೇಲ್ ವಿಳಾಸ ಕಂಡರೆ ಅದು ಮೈಕ್ರೋಸಾಫ್ಟ್ ಅಕೌಂಟ್, ಅಂದರೆ ಅದೇ ಪಾಸ್‌ವರ್ಡ್ ಇಂಟರ್ನೆಟ್ಟಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಮೇಲ್‌ಗೂ, ಫೈಲುಗಳನ್ನು ಇಂಟರ್ನೆಟ್ಟಿನಲ್ಲಿ ಇಡುವ ಒನ್‌ಡ್ರೈವ್‌ಗೂ ನಡೆಯುತ್ತದೆ. ಈಚೆಗೆ ಕೊಂಡ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಇದೇ ಇರುತ್ತದೆ.

ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಮರೆತಿದ್ದರೆ ಅವರ ವೆಬ್‌ಸೈಟಿನಲ್ಲಿ, ಫೋನಿಗೋ ಮೇಲ್‌ಗೋ ಬರುವ ಕೋಡ್ ಹಾಕಿ ಹೊಸದು ಮಾಡಿಕೊಳ್ಳಿ. ಹೊಸ ಪಾಸ್‌ವರ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೀರುವಿನಲ್ಲಿ ಇಡಿ. ಬರೆದಿಡಬಾರದು ಅಂತ ಹೇಳುವವರು ಹೇಳಲಿ. ಮಾನಿಟರ್‌ಗೆ ಅಂಟಿಸಬೇಡಿ ಅಷ್ಟೇ.

ಹಂತ 1: ಮರೆಯಾಗಿರುವ ಚೌಕವನ್ನು ಹೊರಗೆ ತರುವುದು

ಹಳೆಯ ವಿಡಿಯೋಗಳನ್ನು ನೋಡಿ ಮಾಡಲು ಹೋದವರು "ಅದರಲ್ಲಿ ತೋರಿಸಿದ ಚೌಕ ನಮ್ಮಲ್ಲಿ ಇಲ್ಲವೇ ಇಲ್ಲ" ಅನ್ನುತ್ತಾರೆ. ಚೌಕ ಎಂದರೆ ಪಾಸ್‌ವರ್ಡ್ ಕೇಳಬೇಕೋ ಬೇಡವೋ ಎಂದು ಟಿಕ್ ಹಾಕುವ ಜಾಗ. ನಿಜ, ಇರುವುದಿಲ್ಲ. ಈಚಿನ ವಿಂಡೋಸ್‌ಗಳು ಪಾಸ್‌ವರ್ಡ್ ಬದಲು ಪಿನ್, ಬೆರಳಚ್ಚು, ಮುಖ ಇವುಗಳನ್ನೇ ಬಳಸಿ ಎಂದು ಒತ್ತಾಯಿಸುತ್ತವೆ. ಈ ಮೂರಕ್ಕೂ ಸೇರಿ ವಿಂಡೋಸ್ ಹೆಲೋ ಎಂದು ಹೆಸರು. ಆ ಒತ್ತಾಯದ ಸ್ವಿಚ್ ಆನ್ ಇರುವವರೆಗೆ ನಮಗೆ ಬೇಕಾದ ಚೌಕ ಕಾಣುವುದಿಲ್ಲ.

ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್. ಸ್ವಲ್ಪ ಕೆಳಗೆ ಹೋದರೆ ಅಡಿಷನಲ್ ಸೆಟ್ಟಿಂಗ್ಸ್ ಎಂಬ ಭಾಗ ಬರುತ್ತದೆ. ಅದರಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ಗಳಿಗೆ ವಿಂಡೋಸ್ ಹೆಲೋ ಮೂಲಕ ಮಾತ್ರ ಪ್ರವೇಶ ಎಂಬ ಅರ್ಥದ ಉದ್ದನೆಯ ವಾಕ್ಯ, ಪಕ್ಕದಲ್ಲಿ ಸ್ವಿಚ್. ಅದನ್ನು ಆಫ್ ಮಾಡಿ. ಸೆಟ್ಟಿಂಗ್ಸ್ ಮುಚ್ಚಿ.

ಈಗ ಒಂದು ಸಲ ವಿಂಡೋಸ್ ಕೀ, ಅಂದರೆ ಕೀಬೋರ್ಡಿನ ಕೆಳಗೆ ಎಡಗಡೆ ಕಿಟಕಿ ಚಿತ್ರ ಇರುವ ಕೀ, ಅದರ ಜೊತೆ ಎಲ್ ಒತ್ತಿ. ತೆರೆಗೆ ಬೀಗ ಬೀಳುತ್ತದೆ. ಅಲ್ಲಿ ಸೈನ್-ಇನ್ ಆಪ್ಷನ್ಸ್ ಒತ್ತಿ, ಕೀಲಿಕೈ ಚಿತ್ರ ಆರಿಸಿ, ಪಿನ್ ಬಿಟ್ಟು ಪಾಸ್‌ವರ್ಡ್ ಹಾಕಿ ಒಳಗೆ ಬನ್ನಿ. ಇದನ್ನು ಬಿಡಬೇಡಿ. ನಿಮ್ಮ ನೆನಪಿನಲ್ಲಿರುವ ಪಾಸ್‌ವರ್ಡ್ ಸರಿಯಾ ಅಂತ ಪರೀಕ್ಷೆ ಆಗುವುದು ಇಲ್ಲಿ ಮಾತ್ರ. ಯಾಕೆ ಅಂತ ಮೂರನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 2: ಸರಿಯಾದ ಕಿಟಕಿ ತೆರೆಯುವುದು

ವಿಂಡೋಸ್ ಕೀ ಹಿಡಿದು ಆರ್ ಒತ್ತಿ. ಎಡಮೂಲೆಯಲ್ಲಿ ರನ್ ಎಂಬ ಸಣ್ಣ ಪೆಟ್ಟಿಗೆ ಬರುತ್ತದೆ. ಅದರಲ್ಲಿ ನೆಟ್‌ಪಿಎಲ್‌ವಿಜ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಅಕ್ಷರ ಬಿಡಿಸಿ ಹೇಳುತ್ತೇನೆ: ಎನ್, ಇ, ಟಿ, ಪಿ, ಎಲ್, ಡಬ್ಲ್ಯು, ಐ, ಝಡ್. ನಡುವೆ ಜಾಗ ಇಲ್ಲ, ಎಲ್ಲ ಸಣ್ಣಕ್ಷರ. ಎಂಟರ್ ಒತ್ತಿ. ವಿಚಿತ್ರ ಹೆಸರೇನೋ ಹೌದು, ಆದರೆ ಇದು ಹೊರಗಿಂದ ತಂದದ್ದಲ್ಲ, ವಿಂಡೋಸ್‌ನೊಳಗೇ ಇರುವ ಸಾಧನ.

ಯೂಸರ್ ಅಕೌಂಟ್ಸ್ ಎಂಬ ಕಿಟಕಿ ತೆರೆದುಕೊಳ್ಳುತ್ತದೆ. ಮೇಲ್ಗಡೆ ಒಂದು ಟಿಕ್ ಹಾಕಿದ ಚೌಕ, ಈ ಕಂಪ್ಯೂಟರ್ ಬಳಸಲು ಹೆಸರು ಮತ್ತು ಪಾಸ್‌ವರ್ಡ್ ಕೊಡಲೇಬೇಕು ಎಂಬ ಅರ್ಥದ ಸಾಲು. ಕೆಳಗೆ ಕಂಪ್ಯೂಟರ್‌ನಲ್ಲಿರುವ ಖಾತೆಗಳ ಪಟ್ಟಿ.

ಚೌಕ ಇನ್ನೂ ಕಾಣುತ್ತಿಲ್ಲವಾ? ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ನೋಡಿ. ಆಗಲೂ ಬಾರದಿದ್ದರೆ ಸೈನ್-ಇನ್ ಆಪ್ಷನ್ಸ್‌ಗೆ ಹೋಗಿ ಪಿನ್ ತೆಗೆದು ನೋಡಿ, ಸ್ವಿಚ್ ಆಫ್ ಆದ ಮೇಲೆ ರಿಮೂವ್ ಬಟನ್ ಒತ್ತಲು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ ಬೇರೆ ದಾರಿ ಇದೆ, ಕೆಳಗೆ ಹೇಳುತ್ತೇನೆ.

ಹಂತ 3: ಟಿಕ್ ತೆಗೆಯುವುದು

ಪಟ್ಟಿಯಲ್ಲಿ ನಿಮ್ಮ ಖಾತೆಯ ಮೇಲೆ ಒಂದು ಸಲ ಒತ್ತಿ ಆರಿಸಿಕೊಳ್ಳಿ. ಆಮೇಲೆ ಮೇಲಿನ ಚೌಕದ ಟಿಕ್ ತೆಗೆದು ಅಪ್ಲೈ ಒತ್ತಿ. ಒಂದು ಸಣ್ಣ ಪೆಟ್ಟಿಗೆ ಬಂದು ಹೆಸರು, ಪಾಸ್‌ವರ್ಡ್, ಇನ್ನೊಮ್ಮೆ ಪಾಸ್‌ವರ್ಡ್ ಕೇಳುತ್ತದೆ.

ಇಲ್ಲಿ ನಿಧಾನ ಮಾಡಿ.

ಹೆಸರಿನ ಜಾಗದಲ್ಲಿ ವಿಂಡೋಸ್ ತಾನೇ ಏನೋ ತುಂಬಿರುತ್ತದೆ. ಲೋಕಲ್ ಅಕೌಂಟ್ ಆದರೆ ಅದನ್ನು ಹಾಗೇ ಬಿಡಿ. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಅದನ್ನು ಅಳಿಸಿ ಪೂರ್ತಿ ಮೇಲ್ ವಿಳಾಸ ಹಾಕುವುದು ವಾಸಿ. ಪಾಸ್‌ವರ್ಡ್ ಜಾಗದಲ್ಲಿ ಪಿನ್ ಹಾಕಬೇಡಿ. ಪಿನ್ ಹಾಕಿದರೂ ಅದು ತೆಪ್ಪಗೆ ಒಪ್ಪಿಕೊಳ್ಳುತ್ತದೆ, ಅದೇ ತೊಂದರೆ. ಈ ಪೆಟ್ಟಿಗೆ ನೋಡುವುದು ಎರಡು ಸಲ ಹಾಕಿದ್ದು ಒಂದೇ ಇದೆಯಾ ಅಂತ ಮಾತ್ರ. ಅದು ನಿಮ್ಮ ನಿಜವಾದ ಪಾಸ್‌ವರ್ಡ್ ಹೌದೋ ಅಲ್ಲವೋ ಅಂತ ಪರೀಕ್ಷೆ ಮಾಡುವುದಿಲ್ಲ. "ಶ್ರೀ ಗಣೇಶಾಯ ನಮಃ" ಅಂತ ಎರಡು ಸಲ ಹಾಕಿದರೂ ಓಕೆ ಅನ್ನುತ್ತದೆ. ತಪ್ಪಿರುವುದು ಗೊತ್ತಾಗುವುದು ಮುಂದಿನ ಸಲ ಆನ್ ಮಾಡಿದಾಗ, ಹೆಸರು ಅಥವಾ ಪಾಸ್‌ವರ್ಡ್ ತಪ್ಪು ಎಂಬ ಸಂದೇಶ ಬಂದಾಗ. ಅದಕ್ಕೇ ಮೊದಲ ಹಂತದಲ್ಲಿ ಪಾಸ್‌ವರ್ಡ್ ಹಾಕಿ ಒಳಗೆ ಬಂದು ನೋಡಿ ಅಂದದ್ದು.

ಹಾಗೇನಾದರೂ ಆದರೆ ಗಾಬರಿ ಬೇಡ. ಆ ಸಂದೇಶದ ಓಕೆ ಒತ್ತಿ, ಎಂದಿನಂತೆ ಪಾಸ್‌ವರ್ಡ್ ಹಾಕಿ ಒಳಗೆ ಬನ್ನಿ. ಚೌಕಕ್ಕೆ ಮತ್ತೆ ಟಿಕ್ ಹಾಕಿ ಅಪ್ಲೈ ಮಾಡಿ, ಪುನಃ ತೆಗೆದು, ಈ ಸಲ ಸರಿಯಾದ್ದು ಹಾಕಿ.

ಹಂತ 4: ರೀಸ್ಟಾರ್ಟ್ ಮಾಡಿ ನೋಡುವುದು

ಓಕೆ ಒತ್ತಿ ರೀಸ್ಟಾರ್ಟ್ ಮಾಡಿ. ಕೈಕಟ್ಟಿ ಕೂತಿರಿ, ನೇರವಾಗಿ ಡೆಸ್ಕ್‌ಟಾಪ್ ಬರಬೇಕು. ಬಂತಾ? ಮುಖ್ಯ ಕೆಲಸ ಆಯಿತು.

ಮುಂದೆ ಯಾವತ್ತಾದರೂ ಪಾಸ್‌ವರ್ಡ್ ಬದಲಿಸಿದರೆ, ಫೋನಿನಿಂದ ಬದಲಿಸಿದರೂ ಅಷ್ಟೇ, ಈ ಏರ್ಪಾಡು ಕೆಡುತ್ತದೆ. ಏಕೆಂದರೆ ಮನೆಯಾಳಿನ ಹತ್ತಿರ ಇರುವುದು ಹಳೆಯ ಬೀಗದ ಕೈ. ಮೂರನೇ ಹಂತವನ್ನು ಹೊಸ ಪಾಸ್‌ವರ್ಡ್ ಹಾಕಿ ಮತ್ತೆ ಮಾಡಬೇಕು. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೂ ಒಮ್ಮೊಮ್ಮೆ ಹೀಗಾಗುವುದುಂಟು.

ಚೌಕ ಸಿಗದವರಿಗೆ

ಆಟೋಲಾಗಾನ್ ಎಂಬ ಪುಟ್ಟ ಪ್ರೋಗ್ರಾಂ ಇದೆ. ಸಿಸ್‌ಇಂಟರ್ನಲ್ಸ್ ಎಂಬ ಸಾಧನಗಳ ಕಂತೆಗೆ ಸೇರಿದ್ದು. ಆ ಕಂಪನಿಯನ್ನು ಮೈಕ್ರೋಸಾಫ್ಟ್ 2006ರಲ್ಲಿ ಕೊಂಡಿತು, ಹಾಗಾಗಿ ಈಗ ಮೈಕ್ರೋಸಾಫ್ಟ್‌ನ ಸ್ವಂತ ವೆಬ್‌ಸೈಟಿನಲ್ಲೇ ಬಿಟ್ಟಿ ಸಿಗುತ್ತದೆ. ಅಲ್ಲಿಂದ ಮಾತ್ರ ಇಳಿಸಿಕೊಳ್ಳಿ. ತೆರೆದರೆ ಹೆಸರು, ಡೊಮೈನ್, ಪಾಸ್‌ವರ್ಡ್ ಎಂಬ ಮೂರು ಜಾಗ ಇರುತ್ತದೆ. ಡೊಮೈನ್ ಜಾಗದಲ್ಲಿ ಅದು ತಾನೇ ತುಂಬಿದ್ದನ್ನು ಮುಟ್ಟಬೇಡಿ. ಪಾಸ್‌ವರ್ಡ್ ಹಾಕಿ ಎನೇಬಲ್ ಒತ್ತಿ. ಬೇಡವಾದಾಗ ಅದನ್ನೇ ತೆರೆದು ಡಿಸೇಬಲ್ ಒತ್ತಿದರೆ ಆಯಿತು.

ಇದಕ್ಕೆ ಬದಲಾಗಿ ರಿಜಿಸ್ಟ್ರಿಗೆ ಹೋಗಿ ಬರೆಯಿರಿ ಎಂದು ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ರಿಜಿಸ್ಟ್ರಿ ಎಂದರೆ ವಿಂಡೋಸ್ ತನ್ನ ಎಲ್ಲ ಸೆಟ್ಟಿಂಗುಗಳನ್ನು ಬರೆದಿಟ್ಟುಕೊಳ್ಳುವ ದೊಡ್ಡ ಕಡತ. ಅಲ್ಲಿ ಡೀಫಾಲ್ಟ್ ಪಾಸ್‌ವರ್ಡ್ ಎಂಬ ಹೆಸರಿನಲ್ಲಿ ನಿಮ್ಮ ಪಾಸ್‌ವರ್ಡನ್ನು ಬರೆಯಿರಿ ಅನ್ನುತ್ತಾರೆ. ಕೆಲಸವೇನೋ ಆಗುತ್ತದೆ. ಆದರೆ ಅದು ಯಾವ ಗೂಢಲಿಪಿಯೂ ಇಲ್ಲದೆ ಬಿಳಿ ಹಾಳೆಯ ಮೇಲೆ ಬರೆದ ಹಾಗೆ ಕೂತಿರುತ್ತದೆ, ಆ ಕಂಪ್ಯೂಟರ್‌ಗೆ ಕೂತ ಯಾರು ಬೇಕಾದರೂ ಓದಬಹುದು. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಅದೇ ಪಾಸ್‌ವರ್ಡ್ ನಿಮ್ಮ ಒನ್‌ಡ್ರೈವ್‌ಗೂ ತಾನೆ? ಆಟೋಲಾಗಾನ್ ಅದನ್ನು ಗೂಢಲಿಪಿಯಲ್ಲಿ ಇಡುತ್ತದೆ. ಅದೂ ಪೂರಾ ಭದ್ರ ಅಲ್ಲ, ಅಡ್ಮಿನ್ ಅಧಿಕಾರ, ಅಂದರೆ ಕಂಪ್ಯೂಟರಿನ ಯಜಮಾನಿಕೆ, ಇದ್ದು ವಿಷಯ ಗೊತ್ತಿರುವವನು ತೆಗೆಯಬಲ್ಲ, ಆದರೆ ದಾರಿಹೋಕನಿಗೆ ಕಾಣುವುದಿಲ್ಲ. ಇನ್ನು "ಪಾಸ್‌ವರ್ಡ್ ರಿಮೂವರ್" ಎಂದು ಯಾವುದೋ ಸೈಟಿನಲ್ಲಿ ಸಿಗುವ ಫೈಲುಗಳ ಹತ್ತಿರವೂ ಹೋಗಬೇಡಿ. ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ ಆದೀತು.

ಹಂತ 5: ನಿದ್ದೆಯಿಂದ ಎದ್ದಾಗ ಕೇಳುವ ಪಾಸ್‌ವರ್ಡ್

"ನೀವು ಹೇಳಿದ್ದೆಲ್ಲ ಮಾಡಿದೆ, ಆದರೂ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಕೇಳ್ತಿದೆ" ಅನ್ನುವ ಫೋನ್ ಬಂದೇ ಬರುತ್ತದೆ. ಆನ್ ಮಾಡಿದಾಗ ಕೇಳುವುದು ಒಂದು ಸೆಟ್ಟಿಂಗ್, ನಿದ್ದೆಯಿಂದ ಎದ್ದಾಗ ಕೇಳುವುದು ಬೇರೆಯೇ ಸೆಟ್ಟಿಂಗ್. ಸ್ಲೀಪ್ ಎಂದರೆ ಕಂಪ್ಯೂಟರ್ ಪೂರ್ತಿ ಆಫ್ ಆಗದೆ ತೂಕಡಿಸುವುದು.

ಸೆಟ್ಟಿಂಗ್ಸ್, ಅಕೌಂಟ್ಸ್, ಸೈನ್-ಇನ್ ಆಪ್ಷನ್ಸ್ ಎಂದು ಮತ್ತೆ ಅದೇ ಜಾಗ. ನೀವು ಎದ್ದು ಹೋಗಿ ಬಂದಾಗ ವಿಂಡೋಸ್ ಯಾವಾಗ ಮತ್ತೆ ಸೈನ್-ಇನ್ ಕೇಳಬೇಕು ಎಂಬ ಪ್ರಶ್ನೆ ಅಲ್ಲಿದೆ. ಪಕ್ಕದ ಪಟ್ಟಿಯಲ್ಲಿ ನೆವರ್ ಆರಿಸಿ. ವಿಂಡೋಸ್ 10ರಲ್ಲಿ ಇದರ ಹೆಸರು ರಿಕ್ವೈರ್ ಸೈನ್-ಇನ್.

ಸ್ಕ್ರೀನ್ ಸೇವರ್ ಹಾಕಿಕೊಂಡವರು ಇನ್ನೊಂದು ಕಡೆ ನೋಡಬೇಕು. ಸ್ಟಾರ್ಟ್ ಒತ್ತಿ ಸ್ಕ್ರೀನ್ ಸೇವರ್ ಎಂದು ಹುಡುಕಿ ಅದರ ಕಿಟಕಿ ತೆಗೆದರೆ, ಆನ್ ರೆಸ್ಯೂಮ್ ಎಂದು ಶುರುವಾಗುವ ಒಂದು ಚೌಕ ಇದೆ. ಅದರ ಟಿಕ್ ತೆಗೆಯಿರಿ.

ನೀವಾಗಿಯೇ ವಿಂಡೋಸ್ ಕೀ ಮತ್ತು ಎಲ್ ಒತ್ತಿ ಬೀಗ ಹಾಕಿದರೆ ಮಾತ್ರ ಇಷ್ಟೆಲ್ಲ ಆದ ಮೇಲೂ ಪಾಸ್‌ವರ್ಡ್ ಕೇಳುತ್ತದೆ. ಅದು ದೋಷ ಅಲ್ಲ, ನಮಗೆ ಬೇಕಾಗಿರುವುದೇ ಅದು. ನೆಂಟರ ಮಕ್ಕಳು ಬಂದಾಗ ಎರಡು ಕೀ ಒತ್ತಿ ಎದ್ದು ಹೋಗಿ.

ಮಕ್ಕಳಿರುವ ಮನೆಗೆ: ಬೇರೆ ಖಾತೆ ಮಾಡಿ, ಅದನ್ನು ತೆರೆದಿಡಿ

ನಾನು ಯಾರಿಗಾದರೂ ಮಾಡಿಕೊಡುವಾಗ ಹೆಚ್ಚಾಗಿ ಈ ದಾರಿಯನ್ನೇ ಹಿಡಿಯುತ್ತೇನೆ. ಸ್ವಲ್ಪ ಕೆಲಸ ಜಾಸ್ತಿ, ಆದರೆ ಆಮೇಲೆ ನೆಮ್ಮದಿ.

ವಿಂಡೋಸ್‌ನಲ್ಲಿ ಖಾತೆಗಳು ಎರಡು ದರ್ಜೆಯವು. ಅಡ್ಮಿನಿಸ್ಟ್ರೇಟರ್ ಎಂದರೆ ಯಜಮಾನ, ಏನು ಬೇಕಾದರೂ ಹಾಕಬಹುದು, ತೆಗೆಯಬಹುದು. ಸ್ಟ್ಯಾಂಡರ್ಡ್ ಎಂದರೆ ಮನೆಯ ಉಳಿದವರು, ಕೆಲಸ ಮಾಡಬಹುದು, ಆಟ ಆಡಬಹುದು, ಆದರೆ ಇಡೀ ಕಂಪ್ಯೂಟರ್‌ಗೆ ಸಂಬಂಧಿಸಿದ ಬದಲಾವಣೆಗೆ ಯಜಮಾನನ ಪಾಸ್‌ವರ್ಡ್ ಬೇಕು. ಸಾಮಾನ್ಯವಾಗಿ ಮನೆಯಲ್ಲಿ ಇರುವುದು ಒಂದೇ ಖಾತೆ, ಅದು ಯಜಮಾನನದೇ. ಅದನ್ನು ಬೀಗ ಇಲ್ಲದೆ ತೆರೆದಿಟ್ಟರೆ, ಮಗು ಆಟದ ಹೆಸರಿನ ಯಾವುದೋ ಫೈಲ್ ಒತ್ತಿದಾಗ ವಿಂಡೋಸ್ "ಹೌದಾ, ಬೇಡವಾ" ಅಂತಷ್ಟೇ ಕೇಳುತ್ತದೆ, ಮಗು ಹೌದು ಒತ್ತುತ್ತದೆ, ಮುಗೀತು.

ಮಾಡುವುದು ಹೀಗೆ. ಸೆಟ್ಟಿಂಗ್ಸ್, ಅಕೌಂಟ್ಸ್, ಅದರಲ್ಲಿ ಅದರ್ ಯೂಸರ್ಸ್. ವಿಂಡೋಸ್ 10ರಲ್ಲಿ ಫ್ಯಾಮಿಲಿ ಅಂಡ್ ಅದರ್ ಯೂಸರ್ಸ್ ಎಂದಿರುತ್ತದೆ. ಆಡ್ ಅಕೌಂಟ್ ಒತ್ತಿ. ಮೇಲ್ ವಿಳಾಸ ಕೇಳುತ್ತದೆ, ಕೊಡಬೇಡಿ. ಈ ವ್ಯಕ್ತಿಯ ವಿವರ ನನ್ನಲ್ಲಿಲ್ಲ ಎಂಬ ಸಾಲನ್ನು ಒತ್ತಿ, ಮುಂದಿನ ತೆರೆಯಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದೆ ಸೇರಿಸಿ ಎಂಬುದನ್ನು ಒತ್ತಿ. "ಮನೆ" ಅಂತಲೋ ಏನೋ ಒಂದು ಹೆಸರು ಕೊಡಿ, ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ಆಮೇಲೆ ಟೈಪ್ ಮಾಡಬೇಕಲ್ಲ. ಪಾಸ್‌ವರ್ಡ್ ಜಾಗ ಖಾಲಿ ಬಿಡಬಹುದು. ಬಿಟ್ಟರೆ ಗುಟ್ಟಿನ ಪ್ರಶ್ನೆಗಳ ಕಾಟವೂ ಇಲ್ಲ. ಹೊಸ ಖಾತೆ ತಾನಾಗಿಯೇ ಸ್ಟ್ಯಾಂಡರ್ಡ್ ಆಗಿರುತ್ತದೆ.

ಆಮೇಲೆ ನಿಮ್ಮ ಯಜಮಾನ ಖಾತೆಯಲ್ಲಿ ಇದ್ದುಕೊಂಡೇ ಎರಡನೇ ಮತ್ತು ಮೂರನೇ ಹಂತ ಮಾಡಿ. ಪಟ್ಟಿಯಲ್ಲಿ ಹೊಸ ಖಾತೆಯನ್ನು ಆರಿಸಿ, ಟಿಕ್ ತೆಗೆದು, ಹೆಸರು ಅದೇ ಇದೆಯಾ ನೋಡಿ, ಪಾಸ್‌ವರ್ಡ್ ಎರಡೂ ಖಾಲಿ ಬಿಟ್ಟು ಓಕೆ. ಇನ್ನು ಮೇಲೆ ಆನ್ ಮಾಡಿದರೆ "ಮನೆ" ಖಾತೆ ತೆರೆಯುತ್ತದೆ. ನಿಮ್ಮ ಖಾತೆಗೆ ಹೋಗಬೇಕಾದಾಗ ಸ್ಟಾರ್ಟ್ ಮೆನುವಿನಲ್ಲಿ ಸೈನ್ ಔಟ್ ಮಾಡಿದರೆ ಹೆಸರುಗಳ ತೆರೆ ಬರುತ್ತದೆ, ನಿಮ್ಮ ಹೆಸರು ಒತ್ತಿ ಪಾಸ್‌ವರ್ಡ್ ಹಾಕಿ.

ಖಾಲಿ ಪಾಸ್‌ವರ್ಡ್ ಎಂದ ಕೂಡಲೇ ಕೆಲವರು ಬೆಚ್ಚುತ್ತಾರೆ. ಒಂದು ವಿಚಿತ್ರ ಗೊತ್ತಿರಲಿ: ಪಾಸ್‌ವರ್ಡ್ ಖಾಲಿ ಇರುವ ಲೋಕಲ್ ಖಾತೆಯನ್ನು ಹಿಡಿದು ನೆಟ್‌ವರ್ಕ್ ಮೂಲಕ ಬೇರೆ ಕಂಪ್ಯೂಟರಿನಿಂದ ಒಳಗೆ ಬರಲು ವಿಂಡೋಸ್ ಬಿಡುವುದಿಲ್ಲ. ಎದುರಿಗೆ ಕೂತವರಿಗೆ ಮಾತ್ರ ಪ್ರವೇಶ. ಆ ಮಟ್ಟಿಗೆ 1234 ಎಂಬ ಪಾಸ್‌ವರ್ಡಿಗಿಂತ ಖಾಲಿಯೇ ವಾಸಿ! ಇದರಿಂದ ಆಗುವ ಅಡ್ಡಪರಿಣಾಮ ಎಂದರೆ, ಆ ಖಾತೆಯ ಹೆಸರಿನಲ್ಲಿ ಮನೆಯ ಇನ್ನೊಂದು ಕಂಪ್ಯೂಟರಿನಿಂದ ಹಂಚಿಕೊಂಡ ಫೋಲ್ಡರ್ ತೆರೆಯಲು ಬರುವುದಿಲ್ಲ. ಆ ಅಗತ್ಯ ಇದ್ದವರು ಪಾಸ್‌ವರ್ಡ್ ಇಟ್ಟು, ಅದನ್ನೇ ಮೂರನೇ ಹಂತದಲ್ಲಿ ಕೊಡಿ.

ಬಾಗಿಲು ತೆರೆದ ಮೇಲೆ ಒಳಗಿನ ಬೀರುಗಳು

ಬ್ರೌಸರಿನಲ್ಲಿ ಪಾಸ್‌ವರ್ಡ್ ಉಳಿಸಿಟ್ಟಿದ್ದೀರಾ? ಕ್ರೋಮ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಕಣ್ಣಿನಿಂದ ನೋಡಬೇಕಾದರೆ ಅದು ವಿಂಡೋಸ್ ಪಿನ್ ಅಥವಾ ಪಾಸ್‌ವರ್ಡ್ ಕೇಳುತ್ತದೆ. ಆದರೆ ಸೈಟಿನ ಪೆಟ್ಟಿಗೆಯಲ್ಲಿ ತಾನೇ ತುಂಬುವಾಗ ಸಾಮಾನ್ಯವಾಗಿ ಏನೂ ಕೇಳುವುದಿಲ್ಲ. ಅಂದರೆ ನಿಮ್ಮ ಕುರ್ಚಿಯಲ್ಲಿ ಕೂತವರು ನಿಮ್ಮ ಮೇಲ್‌ಗೆ ಹೋಗಲು ಪಾಸ್‌ವರ್ಡ್ ಗೊತ್ತಿರಬೇಕಾಗಿಲ್ಲ. ಕ್ರೋಮ್‌ನ ಪಾಸ್‌ವರ್ಡ್ ಮ್ಯಾನೇಜರ್ ಸೆಟ್ಟಿಂಗ್ಸ್‌ನಲ್ಲಿ, ತುಂಬುವಾಗಲೂ ವಿಂಡೋಸ್ ಹೆಲೋ ಕೇಳು ಎಂಬ ಸ್ವಿಚ್ ಇದೆ, ಆನ್ ಮಾಡಿ. ಇದಕ್ಕೆ ಪಿನ್ ಇರಬೇಕು, ಹಾಗಾಗಿ ಎರಡನೇ ಹಂತದಲ್ಲಿ ಪಿನ್ ತೆಗೆದವರು ಕೆಲಸ ಆದ ಮೇಲೆ ಬೇಕಾದರೆ ಮತ್ತೆ ಹಾಕಿಕೊಳ್ಳಿ. ಬ್ಯಾಂಕಿನ ಪಾಸ್‌ವರ್ಡ್ ಉಳಿಸಿದ್ದರೆ ಇವತ್ತೇ ಅಳಿಸಿ, ಅದರಲ್ಲಿ ಚರ್ಚೆ ಇಲ್ಲ.

ಡೌನ್‌ಲೋಡ್ಸ್ ಫೋಲ್ಡರನ್ನೂ ಒಮ್ಮೆ ನೋಡಿ. ಆಧಾರ್, ಪ್ಯಾನ್, ಪಹಣಿ, ಪಿಂಚಣಿ ಕಾಗದ ಎಲ್ಲ ಅಲ್ಲೇ ಬಿದ್ದಿರುತ್ತದೆ. ಇ-ಆಧಾರ್ ಫೈಲಿಗೆ ಪಾಸ್‌ವರ್ಡ್ ಇದೆಯಲ್ಲ ಎಂದು ನಂಬಿ ಕೂರಬೇಡಿ. ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ, ಅಷ್ಟೇ ಅದು, ನಿಮ್ಮನ್ನು ಬಲ್ಲವರಿಗೆಲ್ಲ ಗೊತ್ತು. ಅಂಥವನ್ನು ಪೆನ್‌ಡ್ರೈವ್‌ಗೆ ಹಾಕಿ ಬೀರುವಿನಲ್ಲಿಡಿ, ಅಥವಾ ಬೀಗವಿರುವ ಯಜಮಾನ ಖಾತೆಯಲ್ಲಿಡಿ.

ಹೊಸ ಕಂಪ್ಯೂಟರ್‌ಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಷನ್ ಹೆಚ್ಚಾಗಿ ತಾನೇ ಆನ್ ಆಗಿರುತ್ತದೆ. ಡಿಸ್ಕನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಹಾಕಿದರೆ ಓದಲಾಗದ ಹಾಗೆ ಗೂಢಲಿಪಿ ಮಾಡುವುದು ಅದು. ಆದರೆ ಇಡೀ ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರೆ, ಆನ್ ಮಾಡಿದ ಕೂಡಲೇ ತಾನೇ ತೆರೆದುಕೊಳ್ಳುವ ಖಾತೆಯ ಮುಂದೆ ಆ ಗೂಢಲಿಪಿಯಿಂದ ಏನೂ ಪ್ರಯೋಜನ ಇಲ್ಲ.

ಕಪ್ಪು ತೆರೆಯಲ್ಲಿ ಕೇಳುವ ಪಾಸ್‌ವರ್ಡ್, ಮತ್ತೆ ಕರೆಂಟ್ ವಿಷಯ

ವಿಂಡೋಸ್ ಚಿಹ್ನೆ ಬರುವುದಕ್ಕೂ ಮೊದಲೇ, ಕಪ್ಪು ಅಥವಾ ನೀಲಿ ತೆರೆಯಲ್ಲಿ ಪಾಸ್‌ವರ್ಡ್ ಕೇಳಿದರೆ ಅದು ವಿಂಡೋಸ್‌ನದ್ದಲ್ಲ. ಒಂದೋ ಬಯಾಸ್‌ದು, ಅಂದರೆ ಮದರ್‌ಬೋರ್ಡಿನೊಳಗಿನ ಮೂಲ ಸೆಟ್ಟಿಂಗ್‌ದು, ಅಥವಾ ಎನ್‌ಕ್ರಿಪ್ಷನ್ನಿನ ರಿಕವರಿ ಕೀ ಕೇಳುತ್ತಿದೆ. ರಿಕವರಿ ಕೀ 48 ಅಂಕಿಯದು, ಮೈಕ್ರೋಸಾಫ್ಟ್ ಅಕೌಂಟ್ ಇದ್ದವರಿಗೆ ಅವರ ಅಕೌಂಟಿನ ಪುಟದಲ್ಲಿ ಸಿಗುತ್ತದೆ. ಈಗಲೇ ಹುಡುಕಿ, ಪಾಸ್‌ವರ್ಡ್ ಬರೆದ ನೋಟ್‌ಬುಕ್ಕಿನಲ್ಲೇ ಬರೆದಿಡಿ.

ಕರೆಂಟ್ ಹೋಗಿ ಬಂದಾಗ ಕಂಪ್ಯೂಟರ್ ತಾನೇ ಆನ್ ಆಗಿ ತಾನೇ ತೆರೆದುಕೊಳ್ಳಬೇಕು ಅನ್ನುವವರೂ ಇದ್ದಾರೆ. ಬಹಳಷ್ಟು ಡೆಸ್ಕ್‌ಟಾಪ್‌ಗಳ ಬಯಾಸ್‌ನಲ್ಲಿ ಎಸಿ ಪವರ್ ಲಾಸ್ ಎಂಬ ಅರ್ಥದ ಸೆಟ್ಟಿಂಗ್ ಇದೆ, ಅದನ್ನು ಪವರ್ ಆನ್ ಮಾಡಬೇಕು. ಬಯಾಸ್ ಮುಟ್ಟಿದಾಗ ಕೆಲವೊಮ್ಮೆ ಆ 48 ಅಂಕಿ ಕೇಳಿಬಿಡುತ್ತದೆ, ಹಾಗಾಗಿ ಮೊದಲು ಕೀ ಬರೆದುಕೊಂಡು ಆಮೇಲೆ ಕೈ ಹಾಕಿ. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಹಳ್ಳಿಯಾದರೆ ನಾನಂತೂ ಇದನ್ನು ಮಾಡುವುದಿಲ್ಲ. ಯಾರೂ ಇಲ್ಲದ ಮನೆಯಲ್ಲಿ ಅದು ಸುಮ್ನೆ ಉರಿಯುತ್ತಾ ಕೂತಿರುತ್ತದೆ.

ವಿಂಡೋಸ್ ಅಲ್ಲದವರಿಗೆ ಎರಡು ಮಾತು

ಲಿನಕ್ಸ್ ಮಿಂಟ್‌ನಲ್ಲಿ ಲಾಗಿನ್ ವಿಂಡೋ ತೆರೆದು, ಯೂಸರ್ಸ್ ಪುಟದಲ್ಲಿ ಆಟೊಮ್ಯಾಟಿಕ್ ಲಾಗಿನ್ ಕೆಳಗೆ ನಿಮ್ಮ ಯೂಸರ್ ಹೆಸರು ಬರೆಯಿರಿ. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಯೂಸರ್ಸ್ ಪುಟದಲ್ಲೇ ಸ್ವಿಚ್ ಇದೆ. ಮಾಡಿದ ಮೇಲೆ ಕ್ರೋಮ್ ತೆರೆದಾಗ ಕೀರಿಂಗ್ ಪಾಸ್‌ವರ್ಡ್ ಕೇಳಬಹುದು. ಕೀರಿಂಗ್ ಎಂದರೆ ಉಳಿಸಿದ ಪಾಸ್‌ವರ್ಡ್‌ಗಳ ಡಬ್ಬಿ. ನೀವು ಲಾಗಿನ್ ಆಗುವಾಗ ಹಾಕುತ್ತಿದ್ದ ಪಾಸ್‌ವರ್ಡೇ ಅದನ್ನೂ ತೆರೆಯುತ್ತಿತ್ತು, ಈಗ ಯಾರೂ ಹಾಕುತ್ತಿಲ್ಲ, ಅದಕ್ಕೆ ಕೇಳುತ್ತದೆ. ನಿಮ್ಮ ಲಾಗಿನ್ ಪಾಸ್‌ವರ್ಡ್ ಕೊಟ್ಟರೆ ಸಾಕು. ಅದನ್ನು ಖಾಲಿ ಮಾಡಿ ಎಂದು ಹೇಳುವವರಿದ್ದಾರೆ, ಆಗ ಡಬ್ಬಿಯ ಮುಚ್ಚಳ ಹೋದ ಹಾಗೆ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಯೂಸರ್ಸ್ ಅಂಡ್ ಗ್ರೂಪ್ಸ್‌ನಲ್ಲಿ ಈ ಆಯ್ಕೆ ಇದೆ. ಫೈಲ್‌ವಾಲ್ಟ್ ಎಂಬ ಎನ್‌ಕ್ರಿಪ್ಷನ್ ಆನ್ ಇದ್ದರೆ ಒತ್ತಲು ಬರುವುದಿಲ್ಲ. ಇದಕ್ಕೋಸ್ಕರ ಫೈಲ್‌ವಾಲ್ಟ್ ಆಫ್ ಮಾಡಬೇಡಿ, ಬೆರಳಚ್ಚು ಬಳಸಿ.

ಮತ್ತೆ ಬೀಗ ಹಾಕುವುದು

ರನ್ ಪೆಟ್ಟಿಗೆಯಲ್ಲಿ ನೆಟ್‌ಪಿಎಲ್‌ವಿಜ್ ಹಾಕಿ, ಆ ಚೌಕಕ್ಕೆ ಟಿಕ್ ಮಾಡಿ, ಓಕೆ. ಪಾಸ್‌ವರ್ಡ್ ಇನ್ನೂ ಇದ್ದೇ ಇದೆಯಲ್ಲ, ಹೊಸದಾಗಿ ಏನೂ ಮಾಡಬೇಕಾಗಿಲ್ಲ. ನಿದ್ದೆಯ ಸೆಟ್ಟಿಂಗನ್ನೂ ನೆವರ್ ಬಿಟ್ಟು ಬೇರೆಯದಕ್ಕೆ ಬದಲಿಸಿ.

ಮೂರು ಸಂದರ್ಭದಲ್ಲಿ ಇದನ್ನು ಮರೆಯಬೇಡಿ: ನಾಲ್ಕು ದಿನ ಊರಿಗೆ ಹೋಗುವಾಗ, ಮನೆಯಲ್ಲಿ ಪೇಂಟಿಂಗೋ ರಿಪೇರಿಯೋ ನಡೆಯುವಾಗ, ಮತ್ತೆ ಕಂಪ್ಯೂಟರನ್ನೇ ರಿಪೇರಿಗೆ ಕೊಡುವಾಗ. ರಿಪೇರಿಯವರು ಪಾಸ್‌ವರ್ಡ್ ಕೇಳಿದರೆ ನಿಮ್ಮ ಖಾತೆಯದ್ದನ್ನು ಚೀಟಿಯಲ್ಲಿ ಬರೆದುಕೊಡಬೇಡಿ. ಕೀಬೋರ್ಡ್, ಸ್ಕ್ರೀನ್, ಫ್ಯಾನ್ ಇಂಥ ಕೆಲಸಕ್ಕೆ ಆ "ಮನೆ" ಖಾತೆ ಸಾಕು. ಯಜಮಾನ ಖಾತೆ ಬೇಕೇ ಬೇಕು ಅಂದರೆ ನೀವೇ ಹೋಗಿ ಟೈಪ್ ಮಾಡಿ ಬನ್ನಿ.